ಸೇಂದಿ ಒಮ್ಮಿಗೇ ಬಿಡಿಸಿದ್ರ ಜೀವಕ್ಕ ಅಪಾಯ ಅದಾ? ಚಿಂಚೋಳಿ ಗಡಿ ಊರಿನ ಓದುಗರೊಬ್ಬರ ಪ್ರಶ್ನೆ

ಪ್ರಶ್ನೆ: "ಸರ್, ನಮ್ದು ಚಿಂಚೋಳಿ ತಾಲೂಕಾ, ತೆಲಂಗಾಣ ಗಡಿಗೆ ಹತ್ತಿದ ಊರು. ನಮ್ಮ ಯಜಮಾನ್ರಿಗೆ 36 ವರ್ಷ, ತಾಂಡೂರದಾಗ ಕಲ್ಲು ಪಾಲಿಷ್ ಮಾಡೋ ಕೆಲ್ಸ. ಅಲ್ಲೇ ಸೇಂದಿ ರೂಢಿ ಆಗಿ ಆರು ವರ್ಷ ಆಯ್ತು. ಮೊದ್ಲು ಸಂಜಿ ಒಂದು ಬಾಟ್ಲಿ ಇತ್ತು, ಈಗ ಮುಂಜಾನಿ ಎದ್ದ ಕೂಡ್ಲೇ ಬೇಕು. ಹೋದ ತಿಂಗಳ ಅಲ್ಲಿ ರೇಡ್ ಆಗಿ ಅಂಗಡಿ ಬಂದ್ ಇತ್ತು, ಎರಡು ದಿನ ಸಿಗ್ಲಿಲ್ಲ. ಕೈ ನಡುಗಿದ್ವು, ನಿದ್ದಿ ಇಲ್ಲ, ಗೋಡಿ ಮ್ಯಾಲ ಹುಳ ಹರದಾಡ್ತಾವ ಅಂದ್ರು, ಮೂರನೇ ದಿನ ಫಿಟ್ಸ್ ಬಂತು. ಮಂದಿ ಮಾಟ ಮಾಡ್ಸ್ಯಾರ ಅಂದ್ರು, ತಾಯತ ಕಟ್ಟಿಸಿದ್ವಿ. ಅಂಗಡಿ ತೆರದ್ಮ್ಯಾಲ ಕುಡುದ್ರು, ಸರಿ ಆದ್ರು. ಈಗ ನಮ್ಮ ಮೈದುನ 'ಎಂಟು ದಿನ ಖೋಲಿಯಾಗ ಹಾಕಿ ಕೀಲಿ ಹಾಕಮು, ತಾನೇ ಬಿಡ್ತಾನ' ಅಂತಾನ. ಇನ್ನೊಂದು ಅಂಜಿಕಿ ಏನಂದ್ರ, ಅಂಗಡ್ಯಾವ ಇವರ ಕೈಯಾಗ ಪುಡಿ ಪಾಕೀಟ್ ಕೊಟ್ಟು ನಿಮ್ಮ ಕಡಿ ಒಬ್ಬರಿಗೆ ಮುಟ್ಟಿಸು, 500 ರೂಪಾಯಿ ಕೊಡ್ತೀನಿ ಅಂತ ಎರಡು ಸಲ ಕಳ್ಸ್ಯಾನ. ದವಾಖಾನಿಗೆ ಕರಕೊಂಡು ಹೋದ್ರ ಪೊಲೀಸ್ ಕೇಸ್ ಆಗ್ತದಾ? ಸೇಂದಿ ಮರದ್ದು, ತಂಪು ಅಂತಾರ, ಅದ್ರಿಂದ ಹಿಂಗ ಆಗ್ತದಾ? ನಮ್ಮತ್ತಿನೂ ಸಂಜಿ ಒಂದು ಗ್ಲಾಸ್ ತಗೋತಾರ, ಅವರಿಗೇನೂ ಆಗಿಲ್ಲ."

ಉತ್ತರ:

ತಂಗಿ, ಮೊದ್ಲು ಒಂದು ಮಾತು ಹೇಳಿಬಿಡ್ತೀನಿ, ಉಳದಿದ್ದು ಆಮ್ಯಾಲ ಓದ್ರಿ. ಖೋಲಿಯಾಗ ಹಾಕಿ ಕೀಲಿ ಹಾಕೋ ಕೆಲ್ಸ ಯಾವ ಕಾರಣಕ್ಕೂ ಮಾಡಬ್ಯಾಡ್ರಿ. ನಿಮ್ಮ ಮೈದುನ ಕೆಟ್ಟ ಮನಸಿಂದ ಹೇಳ್ಯಾನ ಅಂತಲ್ಲ, ನಮ್ಮ ಕಡಿ ಹತ್ತು ಮಂದ್ಯಾಗ ಎಂಟು ಮಂದಿ ಹಿಂಗೇ ಹೇಳ್ತಾರ, ಆದ್ರ ನಿಮ್ಮ ಯಜಮಾನ್ರಿಗೆ ಒಂದ್ಸಲ ಫಿಟ್ಸ್ ಬಂದು ಹೋಗ್ಯಾದ, ಅಂಥವರಿಗೆ ಒಮ್ಮಿಗೇ ಬಂದ್ ಮಾಡಿದ್ರ ಮತ್ತ ಬರೋ ಸಾಧ್ಯತಾ ಭಾಳ ಜಾಸ್ತಿ, ಮತ್ತ ಅದು ಬರೋದು ಕೀಲಿ ಹಾಕಿದ ಖೋಲಿಯಾಗ, ನೋಡೋರು ಯಾರೂ ಇಲ್ಲದಾಗ. ನೀವು ಕೇಳಿದ ಪ್ರಶ್ನಿಗೆ ನೇರ ಉತ್ತರ, ಹೌದು, ಒಮ್ಮಿಗೇ ಬಿಡಿಸಿದ್ರ ಜೀವಕ್ಕ ಅಪಾಯ ಅದ. ದವಾಖಾನಿಯಾಗ ಸಾವಕಾಶ ಬಿಡಿಸಿದ್ರ ಅಪಾಯ ಭಾಳ ಕಮ್ಮಿ ಆಗ್ತದ.

ಮಾಟ ಅಲ್ಲರಿ ಅದು. ನೀವು ಬರದಿದ್ದು ಓದಿದ್ರೇನೇ ಗೊತ್ತಾಗ್ತದ, ಎರಡು ದಿನ ಸಿಗ್ಲಿಲ್ಲ, ಶುರು ಆಯ್ತು, ಮತ್ತ ಕುಡುದ್ರು, ಹೋಯ್ತು. ತಾಯತಕ್ಕೂ ಅದಕ್ಕೂ ಸಂಬಂಧ ಇಲ್ಲ. ತಾಯತ ಕಟ್ಟಿದ್ದು ತಪ್ಪು ಅಂತ ನಾ ಅನ್ನಂಗಿಲ್ಲ, ಇರ್ಲಿ ಬಿಡ್ರಿ, ಆದ್ರ ಅದನ್ನ ನಂಬಿ ದವಾಖಾನಿ ಮುಂದ ಹಾಕಬ್ಯಾಡ್ರಿ.

ಈಗ ಸೇಂದಿ ಮರದ್ದು, ತಂಪು ಅನ್ನೋ ಮಾತು. ಇದು ಅರ್ಧ ಖರೆ. ಈಚಲ ಮರದ್ದು ಇಲ್ಲಾ ತಾಳಿ ಮರದ್ದು ಇಳಿಸಿದ ರಸ ತಾನೇ ಹುಳಿ ಬಂದು ಸಣ್ಣ ಮಟ್ಟದ ನಶಾ ಆಗ್ತದ, ಹೆಚ್ಚುಕಮ್ಮಿ ಬಿಯರ್‌ನಷ್ಟು, ಒಂದು ದಿನ ಇಟ್ರ ಕುಡಿಲಾಕ ಬರದಂಗ ಹುಳಿ ಆಗಿ ಹೋಗ್ತದ. ಈಗ ನೀವೇ ವಿಚಾರ ಮಾಡ್ರಿ, ತಾಂಡೂರ ಸುತ್ತಮುತ್ತ, ಬಶೀರಾಬಾದ್, ಕೊಡಂಗಲ್, ಆ ಕಡಿ ನಾರಾಯಣಪೇಟ ತನಕ ವರ್ಷದ ಹನ್ನೆರಡೂ ತಿಂಗಳು ಇಷ್ಟು ಅಂಗಡ್ಯಾಗ ಇಷ್ಟು ಬಾಟ್ಲಿ ತುಂಬಿಸಲಾಕ ಅಷ್ಟು ಮರ ಎಲ್ಲಿ ಅವ? ಬ್ಯಾಸಿಗಿಯಾಗ ಸುದ್ದಾ ಒಂದೇ ರುಚಿ, ಒಂದೇ ರೇಟು, ಒಂದೇ ನಶಾ ಹ್ಯಾಂಗ ಬರ್ತದ? ಅಲ್ಲಿ ಆಗೋದು ಏನಂದ್ರ ಸ್ವಲ್ಪ ಖರೆ ಸೇಂದಿ, ಭಾಳ ನೀರು, ಸಿಹಿಗೆ ಸ್ಯಾಕರಿನ್, ನೊರಿ ಬರಲಾಕ ಏನರೆ ಒಂದು, ಮತ್ತ ನಶಾಕ್ಕ ಪುಡಿ. ಪ್ರತಿ ಅಂಗಡ್ಯಾಗೂ ಹಿಂಗೇ ಅಂತ ನಾ ಹೇಳಂಗಿಲ್ಲ, ಮರ ಏರಿ ಪ್ರಾಮಾಣಿಕವಾಗಿ ಇಳಿಸೋ ಮಂದಿ ಇನ್ನೂ ಅದಾರ, ಅವರ ಹೊಟ್ಟಿ ಮ್ಯಾಲೂ ಈ ಪುಡಿ ದಂಧೆಯವರೇ ಹೊಡೀಲಕತ್ತಾರ. ಆದ್ರ ನಿಮ್ಮ ಯಜಮಾನ್ರಿಗೆ ಆಗಿದ್ದು ನೋಡಿದ್ರ ಅವರು ಕುಡಿಯೋದ್ರಾಗ ಪುಡಿ ಅದ ಅಂತ ನನಗ ಹೆಚ್ಚು ಅನುಮಾನ ಉಳದಿಲ್ಲ. ಬರೇ ಸಾರಾಯಿ ಬಿಟ್ರೂ ನಡುಕ, ಫಿಟ್ಸ್, ಹುಳ ಕಾಣೋದು ಆಗ್ತದ, ಅದು ನಿಜ, ಆದ್ರ ಅದಕ್ಕ ಬೇಕಾಗೋವಷ್ಟು ಸಾರಾಯಿ ನೀರು ಬೆರಸಿದ ಸೇಂದಿ ಬಾಟ್ಲಿಯಾಗ ಇರಂಗಿಲ್ಲ.

ಪುಡಿ ಅಂದ್ರ ಮುಖ್ಯವಾಗಿ ಎರಡು ಥರ. ಹಳೇದು ಸಿಎಚ್ ಪೌಡರ್, ಕ್ಲೋರಲ್ ಹೈಡ್ರೇಟ್. 1869ರ ಸುಮಾರಿಗೆ ನಿದ್ದಿ ಔಷಧಿ ಅಂತ ದವಾಖಾನಿಯಾಗ ಬಳಸ್ಲಾಕ ಶುರು ಮಾಡಿದ್ದು, ಈಗ ವೈದ್ಯರು ಹೆಚ್ಚುಕಮ್ಮಿ ಕೈಬಿಟ್ಟಾರ, ಯಾಕಂದ್ರ ಹೊಟ್ಟಿ ಸುಡ್ತದ, ಡೋಸ್ ಸ್ವಲ್ಪ ಜಾಸ್ತಿ ಆದ್ರ ಎದಿ ಬಡಿತ ತಾಳ ತಪ್ತದ, ಉಸುರು ಕಮ್ಮಿ ಆಗ್ತದ, ಸಾರಾಯಿ ಜೊತಿ ಸೇರಿದ್ರ ಎರಡೂ ಒಂದಕ್ಕೊಂದು ಜೋರು ಮಾಡ್ತಾವ. ಇನ್ನೊಂದು ಅಲ್ಪ್ರಾಜೋಲಾಂ, ಇದು ನಾವು ಡಾಕ್ಟರ್ ಮಂದಿ ಗಾಬರಿ ರೋಗದವರಿಗೆ ಕಾಲು ಮಿಲಿಗ್ರಾಂ, ಅರ್ಧ ಮಿಲಿಗ್ರಾಂ ಲೆಕ್ಕದಾಗ ಬರದುಕೊಡೋ ಗುಳಿಗಿ. ಅದರ ಕಚ್ಚಾ ಪುಡಿ ಡ್ರಮ್ಮಿನಾಗ ಚಮಚಾದಿಂದ ಹಾಕಿ ಕಟಗಿಯಿಂದ ಕಲಸ್ತಾರ, ಯಾವ ಬಾಟ್ಲಿಯಾಗ ಎಷ್ಟು ಹೋಯ್ತು ಕಲಸಿದವಗೂ ಗೊತ್ತಿರಂಗಿಲ್ಲ. 2025ರ ಜುಲೈದಾಗ ಹೈದರಾಬಾದಿನ ಕೂಕಟ್‌ಪಲ್ಲಿಯಾಗ ಕಲಬೆರಕೆ ಸೇಂದಿ ಕುಡದು ಮಂದಿ ಸತ್ತಿದ್ದು ನೀವೂ ಕೇಳಿರಬೇಕು. ಅಂಥ ಒಂದು ಬಾಟ್ಲಿ ಯಾವ ದಿನ ಯಾರ ಪಾಲಿಗೆ ಬರ್ತದ ಹೇಳಲಾಕ ಬರಂಗಿಲ್ಲ.

ಹಂಗಾರ ಬಿಟ್ರ ಯಾಕ ಫಿಟ್ಸ್? ನಮ್ಮ ಮಿದುಳಿನಾಗ ಓಡಸೋ ವ್ಯವಸ್ಥಾ ಒಂದು ಅದ, ಹಿಡಿಯೋ ವ್ಯವಸ್ಥಾ ಒಂದು ಅದ. ಅಲ್ಪ್ರಾಜೋಲಾಂ ಹಿಡಿಯೋದನ್ನ ಜೋರು ಮಾಡ್ತದ, ಅದಕ್ಕೇ ನಿದ್ದಿ, ಸಮಾಧಾನ. ಇಳಿಜಾರಿನಾಗ ಎತ್ತಿನ ಬಂಡಿಗೆ ದಿನಾ ಹೊರಗಿನ ಮಂದಿ ಹಿಂದಿಂದ ಹಗ್ಗ ಹಾಕಿ ಜಗ್ಗಿ ಹಿಡದ್ರ ಎತ್ತು ತಾವು ತಡಿಯೋದು ಬಿಟ್ಟು ಬಿಡ್ತಾವ, ಹಗ್ಗ ಒಮ್ಮಿಗೇ ಬಿಟ್ರ ಬಂಡಿ ಉರುಳ್ತದ. ವರ್ಷಾನುಗಟ್ಟಲೆ ಪುಡಿ ಹೋದ ಮಿದುಳಿಂದೂ ಅದೇ ಸ್ಥಿತಿ. ಅಲ್ಪ್ರಾಜೋಲಾಂ ಮೈಯಿಂದ ಲಗು ಇಳೀತದ, ಅದಕ್ಕೇ ಒಂದು-ಎರಡು ದಿನದಾಗ ನಡುಕ, ಬೆವರು, ನಿದ್ದಿಗೇಡು ಶುರು ಆಗಿ, ಎರಡನೇ ಮೂರನೇ ದಿನಕ್ಕ ಫಿಟ್ಸ್, ಇಲ್ಲದ್ದು ಕಾಣೋದು, ಹಗಲು-ರಾತ್ರಿ ಗೊತ್ತಾಗದಂಗ ಬಡಬಡಸೋದು ಬರ್ತದ. ನಿಮ್ಮ ಮನ್ಯಾಗ ಆಗಿದ್ದು ಇದೇ ಲೆಕ್ಕ. ಅವರಿಗೆ ಗಟ್ಟಿ ಮನಸಿಲ್ಲ, ಹೆಂಡತಿ-ಮಕ್ಕಳ ಮ್ಯಾಲ ಪ್ರೀತಿ ಇಲ್ಲ ಅನ್ನೋದು ಇದ್ರಾಗ ಬರಂಗೇ ಇಲ್ಲ. ಮುಂಜಾನಿ ಎದ್ದ ಕೂಡ್ಲೇ ಬೇಕು ಅಂತ ಬರದೀರಲ್ಲ, ಅದು ಶೋಕಿ ಅಲ್ಲರಿ, ರಾತ್ರಿ ಪೂರಾ ಪುಡಿ ಇಳದಿರ್ತದ, ನಡುಕ ನಿಲ್ಲಸಲಾಕ ಬೇಕಾಗ್ತದ.

ಇಲ್ಲಿ ನಂದೊಂದು ಸಂಕಟ ಹೇಳ್ಕೋತೀನಿ. 2015ರ ಸೆಪ್ಟೆಂಬರ್ ಹೊತ್ತಿಗೆ ತೆಲಂಗಾಣದಾಗ ಕಲಬೆರಕೆ ಸೇಂದಿ ಮ್ಯಾಲ ಒಮ್ಮಿಗೇ ಕಡಕ್ ಮಾಡಿದ್ರು, ಒಳ್ಳೇದೇ ಆಯ್ತು ಅನ್ನೋವಷ್ಟರಾಗ ನಿಜಾಮಾಬಾದ್ ಕಡೀಲಿಂದ, ಹೈದರಾಬಾದಿನ ಎರ್ರಗಡ್ಡ ಮಾನಸಿಕ ದವಾಖಾನಿ ತನಕ ನಡುಗೋ ಮಂದಿ, ಬಡಬಡಿಸೋ ಮಂದಿ, ಫಿಟ್ಸ್ ಬಂದ ಮಂದಿ ತುಂಬಿ ಹೋದ್ರು, ಜೀವಾನೂ ಹೋದ್ವು. ಗಡಿ ಈ ಕಡಿನೂ ಅಷ್ಟೇ, ಆ ಕಡಿ ರೇಡ್ ಆದ ವಾರದಾಗ ನಮ್ಮ ಓಪಿಡಿಗೆ ಸೇಡಂ, ಚಿಂಚೋಳಿ, ಗುರುಮಠಕಲ್ ಕಡಿಯಿಂದ ಫಿಟ್ಸ್ ಕೇಸು ಜಾಸ್ತಿ ಬರ್ತಾವ, ಬಂದವರು 'ಜ್ವರ ಏರಿತ್ತು', 'ದೆವ್ವ ಬಡದಾದ' ಅಂತಾರ, ಸೇಂದಿ ಹೆಸರು ಎತ್ತಂಗಿಲ್ಲ, ಎರಡು ಸಲ ಕೇಳಿದ್ಮ್ಯಾಲ ಹೇಳ್ತಾರ. ರೇಡ್ ಮಾಡಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ, ಪುಡಿ ಕಲಸೋರನ್ನ ಹಿಡೀಲೇಬೇಕು, ಆದ್ರ ಅಂಗಡಿ ಬಂದ್ ಮಾಡೋ ಮೊದ್ಲು ಆ ತಾಲೂಕಾ ದವಾಖಾನಿಗೆ ಒಂದು ಮಾತು ಹೇಳಿ ಗುಳಿಗಿ, ಬೆಡ್ ತಯಾರ ಇಡ್ರಿ ಅಂದ್ರ ಎಷ್ಟೋ ಜೀವ ಉಳೀತಾವ.

ಗಡಿಯಾಗೇ ಯಾಕ ಇದು ಇಷ್ಟು ಅಂತ ಕೇಳಬಹುದು. ನಮ್ಮ ರಾಜ್ಯದಾಗ 2004ರಿಂದ ಸೇಂದಿ ಬಂದ್, ದಕ್ಷಿಣ ಕನ್ನಡ, ಉಡುಪಿ ಬಿಟ್ಟು. 2007ರ ಜುಲೈದಾಗ ಸಾರಾಯಿನೂ ಬಂದ್ ಆಯ್ತು. ಆ ಕಡಿ ಲೈಸೆನ್ಸ್ ಇದ್ದ ಸೇಂದಿ ಅಂಗಡಿ, ಈ ಕಡಿ ಕೂಲಿ ಮಾಡಿ ದಣದ ಮಂದಿ, ನಡುವ ಹತ್ತು-ಹದಿನೈದು ಕಿಲೋಮೀಟರ್, ಬೀಗರು ಆ ಕಡಿ, ಸಂತಿ ಆ ಕಡಿ, ಸೇಡಂದಿಂದ ತಾಂಡೂರಿಗೆ ರೈಲು. ಪುಡಿ ಎಲ್ಲಿಂದ ಬರ್ತದ ಅಂದ್ರ, ಹೈದರಾಬಾದ್, ಸಂಗಾರೆಡ್ಡಿ ಸುತ್ತ ಔಷಧಿ ಕೆಮಿಕಲ್ ಘಟಕಗಳು ಭಾಳ ಅವ, ಅಲ್ಲಿ ಕದ್ದುಮುಚ್ಚಿ ಅಲ್ಪ್ರಾಜೋಲಾಂ ಮಾಡೋದು ಪೊಲೀಸರಿಗೆ ಹಲವು ಸಲ ಸಿಕ್ಕದ. ಅಲ್ಲಿಂದ ಊರೂರಿಗೆ ಹೋಗ್ಬೇಕಾದ್ರ ದೊಡ್ಡವರು ತಾವು ಹೊರಂಗಿಲ್ಲ. ನಿಮ್ಮ ಯಜಮಾನ್ರಂಥ ಮಂದಿನ್ನ ಹಿಡೀತಾರ, ದಿನಾ ಗಡಿ ದಾಟೋರು, ಕೈಯಾಗ ಊಟದ ಡಬ್ಬಿ ಇರ್ತದ, ಯಾರೂ ತಪಾಸ ಮಾಡಂಗಿಲ್ಲ, ಮತ್ತ ಅಂಗಡ್ಯಾವನ ಹತ್ರ ಉದ್ರಿ ಇರ್ತದ. 500 ರೂಪಾಯಿ ಅಂತೀರಿ, ನನ್ನ ಅನುಭವದಾಗ ಹೇಳ್ತೀನಿ, ಎಷ್ಟೋ ಸಲ ಆ ದುಡ್ಡೂ ಕೈಗೆ ಬರಂಗಿಲ್ಲ, ಉದ್ರಿ ಲೆಕ್ಕದಾಗ ಹೋಗ್ತದ.

ಕಾನೂನಿನ ಮಾತು ನಾ ವಕೀಲ ಅಲ್ಲ, ಆದ್ರ ಈ ಕೆಲಸದಾಗ ಇದ್ದವರಿಗೆ ಇಷ್ಟು ತಿಳೀಲೇಬೇಕಾಗ್ತದ. ಕುಡಿಯೋದು ಬ್ಯಾರೆ, ಹೊರೋದು ಬ್ಯಾರೆ. ಕುಡಿಯೋ ಚಟಕ್ಕ ಚಿಕಿತ್ಸಾ ಬೇಕು ಅಂತ ದವಾಖಾನಿಗೆ ಬಂದ್ರ ನಾವು ಪೊಲೀಸರನ್ನ ಕರಿಯಂಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಾಗ ರೋಗಿ ಮಾಹಿತಿ ಗುಟ್ಟಾಗಿ ಇಡಬೇಕು ಅಂತ ಅದ, ನಶಾ ಚಟಾನೂ ಆ ಕಾಯ್ದೆ ಒಳಗ ಬರ್ತದ. ಎನ್‌ಡಿಪಿಎಸ್ ಅಂದ್ರ ಮಾದಕ ವಸ್ತು ಕಾಯ್ದೆಯ 64ಎ ಕಲಂ ಇನ್ನೂ ಮುಂದ ಹೋಗಿ, ಸೇವನಾ ಕೇಸು ಇಲ್ಲಾ ಸಣ್ಣ ಪ್ರಮಾಣದ ಕೇಸಿನಾಗ ಸಿಕ್ಕಿದ ವ್ಯಸನಿ ತಾನಾಗಿ ಸರ್ಕಾರಿ ಇಲ್ಲಾ ಸರ್ಕಾರ ಒಪ್ಪಿದ ಕೇಂದ್ರದಾಗ ಚಿಕಿತ್ಸಾ ಪೂರ್ತಿ ಮುಗಸಿದ್ರ ಆ ಕೇಸು ನಡಸಂಗಿಲ್ಲ ಅಂತದ, ನಡುವ ಬಿಟ್ಟು ಓಡಿದ್ರ ಆ ರಕ್ಷಣಾ ಹೋಗ್ತದ. ಒಂದು ವಿಷಯ ಮೊದ್ಲೇ ಹೇಳಿ ಇಡ್ತೀನಿ, ಯಾವಾಗರೆ ಎಚ್ಚರ ತಪ್ಪಿದ ಸ್ಥಿತಿಯಾಗ ಎಮರ್ಜೆನ್ಸಿಗೆ ತಂದ್ರ ವಿಷದ ಕೇಸು ಅಂತ ಎಂಎಲ್‌ಸಿ (ಪೊಲೀಸರಿಗೆ ತಿಳಿಸೋ ವೈದ್ಯಕೀಯ ದಾಖಲೆ) ಬರೀಬಹುದು, ಅದು ಕಾಗದದಾಗ ದಾಖಲ ಮಾಡೋದು, ಬೇಡಿ ಹಾಕೋದಲ್ಲ, ಅದಕ್ಕ ಅಂಜಿ ಮನ್ಯಾಗ ಮಲಗಿಸಿ ಕೂಡಬ್ಯಾಡ್ರಿ.

ಪಾಕೀಟ್ ಮಾತು ಪೂರಾ ಬ್ಯಾರೆ. ಅಲ್ಪ್ರಾಜೋಲಾಂಕ್ಕ ಸಣ್ಣ ಪ್ರಮಾಣ ಅಂದ್ರ 5 ಗ್ರಾಂ, 100 ಗ್ರಾಂ ದಾಟಿದ್ರ ವಾಣಿಜ್ಯ ಪ್ರಮಾಣ, ಅದಕ್ಕ ಕನಿಷ್ಠ 10 ವರ್ಷ, 20 ವರ್ಷ ತನಕ ಜೈಲು, ಕನಿಷ್ಠ 1 ಲಕ್ಷ ದಂಡ, ಜಾಮೀನು ಸಿಗೋದು ಭಾಳ ಕಷ್ಟ. ಪುಡಿಯಾಗ ಅರ್ಧಕ್ಕರ್ಧ ಸಕ್ಕರಿ ಇಲ್ಲಾ ಹಿಟ್ಟು ಬೆರಸಿದ್ರೂ ಪೂರಾ ತೂಕಾನೇ ಲೆಕ್ಕ, 2020ರಾಗ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಕೇಸಿನಾಗ ಹಂಗೇ ತೀರ್ಪು ಕೊಟ್ಟದ. 100 ಗ್ರಾಂ ಅಂದ್ರ ಒಂದು ಹಿಡಿ ಪುಡಿ ರೀ, ಅಷ್ಟೇ. ಒಳಗ ಏನದ ನನಗ ಗೊತ್ತಿರ್ಲಿಲ್ಲ ಅಂದ್ರೂ ಕೋರ್ಟು ಮೊದ್ಲು ಗೊತ್ತಿತ್ತು ಅಂತಾನೇ ತಿಳಕೋತದ, ಗೊತ್ತಿರ್ಲಿಲ್ಲ ಅಂತ ಸಾಬೀತು ಮಾಡೋದು ಹೊತ್ತವನ ಮ್ಯಾಲ. ಸಿಎಚ್ ಪೌಡರ್ ಇದ್ರ ಕೇಸು ಅಬಕಾರಿ ಕಾಯ್ದೆಯಾಗ ಹೋಗ್ತದ, ಅದೂ ಸಣ್ಣದಲ್ಲ. ಪಾಕೀಟ್ ಒಳಗ ಯಾವ್ದದ ಅಂತ ನಿಮ್ಮ ಯಜಮಾನ್ರಿಗೆ ಯಾರು ಹೇಳ್ಯಾರ? ಇವತ್ತಿಂದಾನೇ ಬಂದ್. ಅಂಗಡ್ಯಾವನ ಜೊತಿ ಜಗಳ ಬ್ಯಾಡ, ಹೆದರಸೋದು ಬ್ಯಾಡ, 'ಆರಾಮ ಇಲ್ಲ, ದವಾಖಾನಿಗೆ ಹೊಂಟೀನಿ, ಕೆಲಸಕ್ಕ ಬರಂಗಿಲ್ಲ' ಅಂತ ಅಂದು ಬಿಡ್ಲಿ, ಅದು ಸುಳ್ಳೂ ಅಲ್ಲ. ಈಗ ಮನ್ಯಾಗ ಏನರೆ ಪಾಕೀಟ್ ಉಳದಿದ್ರ, ಇಲ್ಲಾ ಅವರು ಬೆನ್ನು ಹತ್ತಿದ್ರ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ 15100ಕ್ಕ ಫೋನ್ ಮಾಡಿ ವಕೀಲರನ್ನ ಕೇಳಿ ಮುಂದಿನ ಹೆಜ್ಜಿ ಇಡ್ರಿ, ಹೆಣ್ಣುಮಕ್ಕಳಿಗೆ ಆದಾಯ ನೋಡದಂಗ ಪುಕ್ಕಟೆ ವಕೀಲರನ್ನ ಕೊಡ್ತಾರ. ಹೆಸರು ಹೇಳದಂಗ ಮಾಹಿತಿ ಕೊಡಬೇಕಂದ್ರ ಸರ್ಕಾರದ ಮಾದಕ ವಸ್ತು ಸಹಾಯವಾಣಿ 1933 ಅದ, ಆದ್ರ ಆ ನಿರ್ಧಾರ ನಿಮ್ದು, ನಾ ಒತ್ತಾಯ ಮಾಡಂಗಿಲ್ಲ, ಊರಾಗ ಇರೋರು ನೀವು.

ಈಗ ಚಿಕಿತ್ಸಾ. ನಿಮ್ಮ ಮುಂದ ಐದು ದಾರಿ ಅವ ಅಂತ ಮಂದಿ ಹೇಳ್ತಾರ, ಅದ್ರಾಗ ಎರಡು ಮೊದ್ಲೇ ತಗದು ಹಾಕ್ತೀನಿ. ಕೀಲಿ ಹಾಕೋದು ಆಯ್ತು. ಇನ್ನೊಂದು, ಸೇಂದಿ ಬಿಡಸಿ ಮೆಡಿಕಲ್‌ದಾಗ ಅಲ್ಪ್ರಾಜೋಲಾಂ ಸ್ಟ್ರಿಪ್ ತಂದು ಕೊಡೋದು, ಇದು ಒಂದು ಅಂಗಡಿ ಬಿಟ್ಟು ಇನ್ನೊಂದು ಅಂಗಡಿ ಹಿಡದಂಗ ಆಗ್ತದ. ಆ ಗುಳಿಗಿ ಎಚ್1 ಪಟ್ಟಿಯಾಗ ಅದ, ಚೀಟಿ ಇಲ್ಲದ ಮಾರಂಗಿಲ್ಲ, ರಜಿಸ್ಟರ್‌ನಾಗ ಬರೀಬೇಕು, ಬರೀದಂಗ ಕೊಡೋವ ನಿಮಗ ಉಪಕಾರ ಮಾಡ್ಲಕತ್ತಿಲ್ಲ.

ಮೂರನೇದು, ಮನ್ಯಾಗೇ ಇಟ್ಟು ಡಾಕ್ಟರ್ ಚೀಟಿ ಮ್ಯಾಲ ಸಾವಕಾಶ ಕಮ್ಮಿ ಮಾಡೋದು. ಎಷ್ಟೋ ಮಂದಿಗೆ ಇದು ಸಾಕಾಗ್ತದ, ಕೂಲಿ ತಪ್ಪಂಗಿಲ್ಲ, ಮಂದಿಗೆ ಗೊತ್ತಾಗಂಗಿಲ್ಲ. ಆದ್ರ ಒಂದ್ಸಲ ಫಿಟ್ಸ್ ಬಂದವರಿಗೆ, ಇಲ್ಲದ್ದು ಕಂಡವರಿಗೆ ನಾ ಇದನ್ನ ಹೇಳಂಗಿಲ್ಲ. ನಾಲ್ಕನೇದು ಸರ್ಕಾರಿ ದವಾಖಾನಿಯಾಗ ಅಡ್ಮಿಟ್, ನಿಮ್ಮ ಯಜಮಾನ್ರಿಗೆ ಅದೇ ಬೇಕು. ಕಲಬುರಗಿ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿ ಜಿಮ್ಸ್‌ದಾಗ ಮನೋವೈದ್ಯ ವಿಭಾಗ ಅದ, ಹೆಚ್ಚುಕಮ್ಮಿ ವಾರ-ಹತ್ತು ದಿನ ಇಟಗೋಬೇಕಾಗ್ತದ. ಅಲ್ಲಿ ಏನು ಮಾಡ್ತಾರ ಅಂದ್ರ, ಲಗು ಇಳಿಯೋ ಪುಡಿ ಜಾಗದಾಗ ಸಾವಕಾಶ ಇಳಿಯೋ ಔಷಧಿ, ಹೆಚ್ಚಾಗಿ ಡಯಾಜೆಪಾಂ, ಮೈಗೆ ಎಷ್ಟು ಬೇಕೋ ಅಷ್ಟು ಕೊಟ್ಟು ನಡುಕ ನಿಲ್ಲಿಸಿ, ಆಮ್ಯಾಲ ದಿನಾ ನೋಡಿ ಇಳಸ್ತಾರ. ವಿಟಮಿನ್ ಬಿ1 ಸೂಜಿ ಕೊಡ್ತಾರ, ಲಿವರ್, ಸಕ್ಕರಿ, ಉಪ್ಪಿನಂಶ ನೋಡ್ತಾರ, ಎದಿ ಇಸಿಜಿ ತಗೀತಾರ. ಮನಿಗೆ ಬಂದ ಮ್ಯಾಲೂ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಗುಳಿಗಿ ಕಮ್ಮಿ ಮಾಡ್ತಾ ಹೋಗಬೇಕು, ಅದು ನಿಮ್ಮ ಕೈಯಾಗ ಇರ್ಲಿ, ಅವರ ಕೈಯಾಗ ಬ್ಯಾಡ. 'ಚಟ ಬಿಡಸಲಾಕ ಹೋಗಿ ಗುಳಿಗಿ ಚಟ ಹಚ್ಚಿದ್ರು' ಅಂತ ಊರಾಗ ಅಂತಾರ, ನಡುವ ಬಿಟ್ಟವರು, ತಮ್ಮ ಮನಸಿಗೆ ಬಂದಂಗ ನುಂಗಿದವರು ಹಂಗ ಆಗ್ತಾರ, ಅದು ಇರೋ ಅಪಾಯಾನೇ, ಅದಕ್ಕೇ ತಾರೀಖು ತಪ್ಪಬ್ಯಾಡ್ರಿ.

ಐದನೇದು ಖಾಸಗಿ ವ್ಯಸನಮುಕ್ತಿ ಕೇಂದ್ರ. ಒಳ್ಳೇವು ಅವ. ಆದ್ರ ಎರಡು ಕೇಳ್ರಿ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ತೋರಸ್ತೀರಾ, ಮತ್ತ ಮನೋವೈದ್ಯರು ಯಾವಾಗ ಬರ್ತಾರ. ಮೊದಲ ತಿಂಗಳ ಮನಿ ಮಂದಿ ಭೇಟಿ ಆಗಂಗಿಲ್ಲ ಅಂದ್ರ, ಕಟ್ಟಿ ಹಾಕೋ ಮಾತು ಬಂದ್ರ, ಎದ್ದು ಬರ್ರಿ. ಸರಪಳಿ ಹಾಕೋದು 2017ರ ಕಾಯ್ದೆಯಾಗ ಪೂರಾ ನಿಷೇಧ.

ದವಾಖಾನಿಗೆ ಹೋಗೋ ತನಕ ಏನು ಮಾಡಬೇಕು ಅನ್ನೋದು ಮಂದಿ ಕೇಳಲಾಕ ನಾಚ್ತಾರ, ನಾನೇ ಹೇಳ್ತೀನಿ. ಆ ಎರಡು-ಮೂರು ದಿನ ಸೇಂದಿ ತಡೀಬ್ಯಾಡ್ರಿ. ಡಾಕ್ಟರ್ ಆಗಿ ಹಿಂಗ ಹೇಳ್ತಾನಲ್ಲ ಅಂತ ಅನ್ಕೋಬ್ಯಾಡ್ರಿ, ಒಮ್ಮಿಗೇ ನಿಲ್ಲಸೋದು ಹೆಚ್ಚಿನ ಅಪಾಯ. ಆದ್ರ ಬ್ಯಾರೆ ಸಾರಾಯಿ, ಗುಳಿಗಿ ಜೊತಿ ಕೂಡಸಬಾರ್ದು, ಒಬ್ರೇ ಕೂತು ಕುಡೀಬಾರ್ದು, ಕುಡದು ಗಾಡಿ ಹೊಡೀಬಾರ್ದು. ಮತ್ತ ಇದು ಎರಡು-ಮೂರು ದಿನದ ಮಾತು, ತಿಂಗಳದ್ದಲ್ಲ. ತೊಗರಿ ರಾಶಿ ಆಗ್ಲಿ, ಲಗ್ನ ಮುಗೀಲಿ ಅಂತ ಮುಂದ ಹಾಕಿದವರು ಎಮರ್ಜೆನ್ಸಿಗೇ ಬಂದಿದ್ದು ನಾ ನೋಡೀನಿ. ಫಿಟ್ಸ್ ಬಂದ್ರ ಪಕ್ಕಕ್ಕ ಮಗ್ಗಲ ಮಾಡಿ ಮಲಗಸ್ರಿ, ಬಾಯಾಗ ಚಮಚಾ, ನೀರು ಏನೂ ಹಾಕಬ್ಯಾಡ್ರಿ, ಕೈಯಾಗ ಕಬ್ಬಿಣ ಹಿಡಿಸೋದು, ಉಳ್ಳಾಗಡ್ಡಿ, ಚಪ್ಪಲಿ ಮೂಸಿಸೋದು ಯಾವ್ದೂ ಬ್ಯಾಡ, 108ಕ್ಕ ಫೋನ್ ಮಾಡ್ರಿ. ಗೊರಕಿ ಹೊಡೀತಾ ಎಬ್ಬಿಸಿದ್ರೂ ಏಳದಿದ್ರ, ತುಟಿ ನೀಲಿ ಆದ್ರ, 'ನಶಾ ಇಳೀಲಿ, ಮಲಗ್ಲಿ' ಅನ್ನಬ್ಯಾಡ್ರಿ, ಅದೂ 108.

ಕಲಬುರಗಿ ತನಕ ಬರಲಾಕ ಆಗದಿದ್ರ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಾಗ ಮಂಗಳವಾರ ತಾಲೂಕಾ ದವಾಖಾನಿಗೆ ಮನೋವೈದ್ಯರು ಬರೋ ವ್ಯವಸ್ಥಾ ಅದ, ಚಿಂಚೋಳಿಯಾಗ ಮೊದ್ಲು ಕೇಳಿಕೊಂಡು ಹೋಗ್ರಿ. ಫೋನ್ ಮ್ಯಾಲ ಮಾತಾಡಬೇಕಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು-ರಾತ್ರಿ ಕನ್ನಡದಾಗ ಮಾತಾಡ್ತಾರ, ನಶಾಕ್ಕಂತಾನೇ 14446 ಅದ. ಆಧಾರ್, ರೇಷನ್ ಕಾರ್ಡ್ ತರ್ರಿ. ಎಷ್ಟು ಬಾಟ್ಲಿ, ಕೊನಿಗೆ ಯಾವಾಗ ಕುಡುದ್ರು, ಫಿಟ್ಸ್ ಯಾವತ್ತು ಬಂತು ಬರಕೊಂಡು ಬರ್ರಿ, ಮತ್ತ ಡಾಕ್ಟರ್ ಮುಂದ 'ಪುಡಿ ಸೇಂದಿ' ಅಂತ ಬಾಯಿ ಬಿಟ್ಟು ಹೇಳ್ರಿ. ಇದು ಯಾಕ ಅಂದ್ರ ಸಿಎಚ್ ಪೌಡರ್ ಸಾಮಾನ್ಯ ಮೂತ್ರ ಪರೀಕ್ಷಾದಾಗ ಕಾಣಂಗಿಲ್ಲ, ನೀವು ಹೇಳ್ದಿದ್ರ ನಮಗ ಗೊತ್ತಾಗೋ ದಾರಿ ಇಲ್ಲ.

ಬಿಟ್ಟ ಮ್ಯಾಲ ಅದೇ ಪಾಲಿಷ್ ಮಷೀನು, ಅದೇ ಅಂಗಡಿ ಮುಂದಿನ ರಸ್ತೆ ಆದ್ರ ಕಷ್ಟ. ಆಗೋದಿದ್ರ ಕೆಲವು ತಿಂಗಳ ಶಹಾಬಾದ್ ಕಡಿ, ಸೇಡಂ ಕಡಿ ಕೆಲ್ಸ ನೋಡ್ರಿ, ಕೂಲಿ ಸ್ವಲ್ಪ ಕಮ್ಮಿ ಆದ್ರೂ. ಮತ್ತ ಒಂದೆರಡು ತಿಂಗಳ ಬಿಟ್ಟವರು ಹಬ್ಬಕ್ಕೋ ಸಾವಿಗೋ ಹೋಗಿ ಹಳೇ ಲೆಕ್ಕದಾಗೇ ನಾಲ್ಕು ಬಾಟ್ಲಿ ಏರಿಸಿದ್ರ ಅದೇ ದಿನ ಉಸುರು ನಿಲ್ಲಬಹುದು, ಮೈ ಆ ತಾಕತ್ತು ಕಳಕೊಂಡಿರ್ತದ. ಮತ್ತ ಕುಡುದ್ರ ಬೈದು ಹೊರಗ ಹಾಕಬ್ಯಾಡ್ರಿ, ಕರಕೊಂಡು ಬರ್ರಿ, ಎರಡನೇ ಸಲ ಮೂರನೇ ಸಲಕ್ಕ ನಿಂತವರು ಭಾಳ ಮಂದಿ ಅದಾರ.

ನಿಮ್ಮತ್ತಿ ಮಾತು ಕೊನಿಗೆ ಬರದೀರಿ, ಆದ್ರ ಅದೂ ದೊಡ್ಡದು. ದಿನಾ ಸಂಜಿ ಒಂದು ಗ್ಲಾಸ್, ಅದೇ ಅಂಗಡಿದು ಆಗಿದ್ರ ಅದೇ ಪುಡಿ. ಏನೂ ಆಗಿಲ್ಲ ಅನ್ನೋದು ಹೆಚ್ಚುಕಮ್ಮಿ ದಿನಾ ಸಿಗಲಾಕತ್ತದ ಅಂತ ಇರಬಹುದು. ವಯಸ್ಸಾದವರಿಗೆ ಮರವು, ತೂಕಡಿಕಿ, ರಾತ್ರಿ ಎದ್ದು ಬಿದ್ದು ತೊಡಿ ಎಲುಬು ಮುರಿಯೋದು, ಇವು ಸೇಂದಿಯಿಂದ ಅಂತ ಯಾರೂ ಅನ್ಕೊಂಡಿರಂಗಿಲ್ಲ, ವಯಸ್ಸು ಅಂತಾರ. ಮಗ ಅಡ್ಮಿಟ್ ಆದ್ರ ಅವರಿಗೆ ತಂದು ಕೊಡೋರು ಯಾರು? ಆ ವಾರ ಮನ್ಯಾಗ ಅವರಿಗೂ ನಡುಕ, ನಿದ್ದಿಗೇಡು ಶುರು ಆಗಬಹುದು, ನೀವು ದವಾಖಾನಿಯಾಗ ಇರ್ತೀರಿ. ಅದಕ್ಕ ಅವರನ್ನೂ ಅದೇ ದಿನ ಜೊತಿಗೆ ಕರಕೊಂಡು ಬರ್ರಿ, ಒಂದೇ ಗ್ಲಾಸ್ ಆದ್ರಿಂದ ಅವರಿಗೆ ಅಡ್ಮಿಟ್ ಬೇಕಾಗ್ಲಿಕ್ಕಿಲ್ಲ, ನೋಡಿ, ಮಾತಾಡ್ಸಿ, ಮನ್ಯಾಗೇ ಕಮ್ಮಿ ಮಾಡೋ ಗುಳಿಗಿ ಬರದು ಕೊಡ್ತಾರ.